ಖಣದಲ್ಲಿ ಸುತ್ತಿ ಕಳಿಸಿದ ಸ್ನೋ

ಮುಂಬಯಿಗೆ ಬಂದಿಳಿದ ಮರುದಿನ ಬೆಳಿಗ್ಗೆ ಚಾಳಿನ ನಳದ ಮುಂದೆ ಕೊಡ ಹಿಡಿದು ನಿಂತಿದ್ದೆ. ನನ್ನ ಮುಂದೆ ನಿಂತವಳ ಹಣೆ ಬೋಳು, ಕೈ ಬೋಳು, ಕೊರಳು ಬೋಳು. ಗಂಡ ಸತ್ತವಳೆಂದು ನೋಡಿದ ಕೂಡಲೇ ತಿಳಿಯಿತು. ಆಕೆ ಮುಖ ತೊಳೆದು, ಸೆರಗಿನಿಂದ ಒರೆಸಿಕೊಂಡು, ಸೊಂಟದಿಂದ ಒಂದು ಗಾಜಿನ ಬಾಟಲಿ ತೆಗೆದಳು. ಮುಚ್ಚಳ ತಿರುಗಿಸಿ, ಬೆಣ್ಣೆಯಂಥ ಬಿಳಿಯದನ್ನು ಬೆರಳ ತುದಿಗೆ ತೆಗೆದುಕೊಂಡು, ಎರಡೂ ಕೆನ್ನೆಗೆ ಇಟ್ಟು, ಇಪ್ಪತ್ತು ಮಂದಿಯ ಎದುರಿಗೆ ತಿಕ್ಕತೊಡಗಿದಳು. ಹೂವಿನ ವಾಸನೆ ಬಂತು. ನಾನು ಯಾರೋ ಜಳಕ ಮಾಡುವುದನ್ನು ನೋಡಿಬಿಟ್ಟವಳ ಹಾಗೆ ಮುಖ ತಿರುಗಿಸಿದೆ. ಈಗ ಯಾರಾದರೂ ಬಯ್ಯುತ್ತಾರೆ, ಈಗ ಯಾರಾದರೂ ಆ ಬಾಟಲಿ ಕಿತ್ತು ಒಗೆಯುತ್ತಾರೆ ಎಂದು ಕಾದೆ. ಯಾರೂ ತಿರುಗಿ ನೋಡಲಿಲ್ಲ. ಆಕೆ ಕೊಡ ತುಂಬಿಕೊಂಡು ಹೋದಳು, ನನ್ನ ಸರದಿ ಬಂತು.

ಆಕೆಯ ಹೆಸರು ಸಖೂಬಾಯಿ. ನಮ್ಮ ಖೋಲಿಯ ಪಕ್ಕದ ಖೋಲಿಯವಳು. ಖೋಲಿ ಎಂದರೆ ಇಲ್ಲಿ ಮನೆ. ಒಂದೇ ಕೋಣೆ, ಒಂದೇ ಕಿಟಕಿ, ಮೂಲೆಯಲ್ಲಿ ಪಾತ್ರೆ ತಿಕ್ಕಲು ಒಂದು ಮೋರಿ. ಅಂಥ ಖೋಲಿಗಳನ್ನು ಸಾಲಾಗಿ ಜೋಡಿಸಿ, ಮೂರು ಅಂತಸ್ತು ಏರಿಸಿ, ಅದಕ್ಕೆ ಚಾಳು ಎನ್ನುತ್ತಾರೆ. ಮಾದನಹಿಪ್ಪರಗಾದಲ್ಲಿ ನಮ್ಮ ಎತ್ತುಗಳಿಗೆ ಇದಕ್ಕಿಂತ ಹೆಚ್ಚು ಜಾಗವಿತ್ತು. ಅಲ್ಲಿ ಕೋಳಿ ಕೂಗಿದರೆ ಏಳುತ್ತಿದ್ದೆ, ಇಲ್ಲಿ ಗಿರಣಿಯ ಭೋಂಗಾ ಕೂಗುತ್ತದೆ; ಮೊದಲ ದಿನ ಆ ಸದ್ದಿಗೆ ಊರಿಗೆ ಬೆಂಕಿ ಬಿತ್ತೆಂದು ಹೊರಗೆ ಓಡಿ ಬಂದು ನಗೆಪಾಟಲಾದೆ. ಜೋಳದ ರೊಟ್ಟಿ ತಟ್ಟಿದರೆ ಕೆಳಗಿನ ಖೋಲಿಯವರು ಗೋಡೆ ಒಡೆಯುತ್ತಿದ್ದಾರೇನು ಎಂದು ಕೇಳುತ್ತಿದ್ದರು. ಪುಂಡಿಪಲ್ಯ ಸಿಗುತ್ತಿರಲಿಲ್ಲ. ಸಂಜೆಯಾದರೆ ಸುಮ್ಮನೆ ಅಳು ಬರುತ್ತಿತ್ತು, ಅದಕ್ಕೆ ಕಾರಣ ಹೇಳಲು ಮರಾಠಿ ಬರುತ್ತಿರಲಿಲ್ಲ.

ಭಾಷೆ ಸಖೂಬಾಯಿಯೇ ಕಲಿಸಿದಳು. ಒಂದು ದಿನ ಆ ಬಾಟಲಿಯನ್ನು ನನ್ನ ಮುಂದೆ ಹಿಡಿದು, "ಲಾವ್ ಗ, ಲಾಜತೇಸ್ ಕಾ?" ಎಂದಳು. ಹಚ್ಚಿಕೊಳ್ಳೇ, ನಾಚುತ್ತೀಯಾ ಎಂದು ಅರ್ಥ. ಹಚ್ಚಿಕೊಂಡೆ. ತಣ್ಣಗೆ ಕೆನ್ನೆಯ ಮೇಲೆ ಇಳಿದು, ಎರಡು ಸಲ ತಿಕ್ಕುವಷ್ಟರಲ್ಲಿ ಮಾಯವಾಯಿತು. ಇದಕ್ಕೆ ಸ್ನೋ ಎನ್ನುತ್ತಾರೆ, ಸ್ನೋ ಎಂದರೆ ಹಿಮ ಎಂದು ಆಮೇಲೆ ತಿಳಿಯಿತು. ಹಿಮವನ್ನು ನಾನೂ ನೋಡಿಲ್ಲ, ಸಖೂಬಾಯಿಯೂ ನೋಡಿಲ್ಲ, ಆದರೆ ಇಬ್ಬರಿಗೂ ಹೆಸರು ಸರಿ ಎನಿಸಿತು.

ಮುಂದಿನ ವರ್ಷ ಆಕೆಯೇ ನನ್ನನ್ನು ಸ್ನೋ ತಯಾರಾಗುವ ಪುಟ್ಟ ಕಾರಖಾನೆಗೆ ಕರೆದುಕೊಂಡು ಹೋದಳು. ತಗಡಿನ ಮಾಡಿನ ಒಂದು ಉದ್ದನೆಯ ಕೋಣೆ, ಅಷ್ಟೆ. ಒಂದು ಕಡೆ ದೊಡ್ಡ ಪಾತ್ರೆಯಲ್ಲಿ ಕುದಿಸಿ ಕಡೆಯುತ್ತಾರೆ. ಇನ್ನೊಂದು ಕಡೆ ನಾವು ಹನ್ನೆರಡು ಹೆಂಗಸರು ಕುಳಿತು ಕಟ್ಟಿಗೆಯ ಚಮಚದಿಂದ ಬಾಟಲಿಗೆ ತುಂಬುತ್ತೇವೆ. ತುಂಬಿದ ಬಾಟಲಿಯನ್ನು ಮಡಚಿದ ಗೋಣಿಚೀಲದ ಮೇಲೆ ಮೂರು ಸಲ ಕುಟ್ಟಬೇಕು. ಒಳಗೆ ಗಾಳಿ ಉಳಿದರೆ ಗಾಜಿನಿಂದ ತೂತು ತೂತಾಗಿ ಕಾಣುತ್ತದೆ, ಗಿರಾಕಿ ಬೇಡವೆನ್ನುತ್ತಾರೆ. ಬಾಯಿ ಸೀಳಿದ ಬಾಟಲಿಗಳನ್ನು ಮಾರುವಂತಿಲ್ಲ, ಅವು ನಮ್ಮ ಪಾಲಿಗೆ.

ಸ್ನೋದಿಂದ ಕರಿಯ ಮುಖ ಬಿಳಿಯಾಗುವುದಿಲ್ಲ. ಅದನ್ನು ತುಂಬುವವಳೇ ಹೇಳುತ್ತಿದ್ದೇನೆ, ನಂಬಿರಿ. ಆದರೂ ಜನ ಬಿಡಲಿಲ್ಲ. ಗಿರಣಿಯಲ್ಲಿ ನೂಲು ಸುತ್ತುವವಳೂ ಕೊಳ್ಳುತ್ತಿದ್ದಳು, ಮೋಟಾರಿನಿಂದ ಇಳಿಯುವವಳೂ ಅದೇ ಬಾಟಲಿ ಕೇಳುತ್ತಿದ್ದಳು. ಬಾಜಾರದಲ್ಲಿ ದುಬಾರಿ ಪರದೇಶಿ ಡಬ್ಬಿಗಳು ಬಂದವು, ಹೋದವು. ಇದು ಇದ್ದೇ ಇತ್ತು. ನನಗೆ ಅನಿಸುವ ಕಾರಣ ಇಷ್ಟು. ದಿನವೆಲ್ಲ ಮಂದಿಗಾಗಿ ದುಡಿದ ಹೆಣ್ಣು ತನ್ನ ಕೈಯಿಂದ ತನ್ನ ಮುಖವನ್ನು ಒಂದು ಗಳಿಗೆ ಮುಟ್ಟಿಕೊಳ್ಳಲು ಒಂದು ನೆಪ ಬೇಕಲ್ಲ. ಇದು ಬಡವರ ಕೈಗೆ ಎಟುಕುವ ನೆಪವಾಗಿತ್ತು. ಮೇಲಾಗಿ ಹಚ್ಚಿಕೊಂಡರೆ ಕಾಣುವುದಿಲ್ಲ. ಅರಿಶಿನ ಹಾಗಲ್ಲ, ಊರಿಗೆಲ್ಲ ಹೇಳುತ್ತದೆ.

ಅರಿಶಿನದ ಮಾತು ಬಂದಾಗ ನನ್ನ ತಂಗಿಯ ಮಾತು ಬರಲೇಬೇಕು. ನಿಂಗವ್ವ ನನಗಿಂತ ಆರು ವರ್ಷ ಚಿಕ್ಕವಳು. ಹುಡುಗಿಯಾಗಿದ್ದಾಗ ಹಾಲಿನ ಕೆನೆ ಕದ್ದು ಮುಖಕ್ಕೆ ಬಳಿದುಕೊಂಡು ಅವ್ವನ ಕೈಯಲ್ಲಿ ಪೆಟ್ಟು ತಿಂದವಳು. ಅಫಜಲಪುರದ ಕಡೆ ಗೊಬ್ಬೂರಿಗೆ ಕೊಟ್ಟಿದ್ದರು. ಮಗಳು ಕಾಶಿಗೆ ಎಂಟು ತಿಂಗಳಿದ್ದಾಗ ಗಂಡ ಮೂರು ದಿನದ ಜ್ವರದಲ್ಲಿ ಹೋದ. ವರ್ಷದ ಮೇಲೆ ನಾನು ನೋಡಲು ಹೋದೆ. ಎಳ್ಳಮಾಸಿ ಹತ್ತಿರದ ಚಳಿ. ಆ ಗಾಳಿಗೆ ನಮ್ಮ ಕಡೆ ಮುಖ ಹೇಗೆ ಒಡೆಯುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ನಿಂಗವ್ವನ ಕೆನ್ನೆ ಬಿರಿದು ರಕ್ತದ ಗೆರೆ ಮೂಡಿತ್ತು. ಅತ್ತೆ ಅರಿಶಿನದ ಬಟ್ಟಲು ಎತ್ತಿಟ್ಟಿದ್ದಳು. ಕುಸುಬಿ ಎಣ್ಣೆ ಹಚ್ಚಿಕೊಂಡರೆ ಹೊಲದ ಧೂಳೆಲ್ಲ ಅಂಟಿಕೊಳ್ಳುತ್ತಿತ್ತು.

ಮಲಗುವಾಗ ಆಕೆ ನನ್ನ ಕೊರಳ ಹತ್ತಿರ ಮೂಗು ತಂದು, "ಅಕ್ಕಾ, ಏನ ಹಚ್ಚೀದಿ? ವಾಸನಿ ಭಾಳ ಛಲೋ ಅದ" ಎಂದಳು.

"ಸ್ನೋ ಅಂತಾರ. ನಾನ ತುಂಬತೇನಿ."

"ನಾ ಹಚ್ಕೋಬಹುದೇನು?"

ಅರಿಶಿನ ಬೇಡ, ಕುಂಕುಮ ಬೇಡ, ಹೂವು ಬೇಡ, ಬಳೆ ಬೇಡ ಎಂದು ಹಿರಿಯರು ಹೇಳಿ ಹೋಗಿದ್ದರು. ಸ್ನೋ ಬೇಡ ಎಂದು ಯಾವ ಹಿರಿಯನೂ ಹೇಳಿರಲಿಲ್ಲ. ಪಾಪ, ಅವರು ಅದನ್ನು ನೋಡಿಯೇ ಇರಲಿಲ್ಲ. "ಹಚ್ಕೋಬಹುದು," ಎಂದೆ, "ಕಳಸ್ತೇನಿ."

ಮರುವರ್ಷ ಕಳಿಸಲು ಜನ ಸಿಕ್ಕಿತು. ನನ್ನ ಗಂಡನ ಜೊತೆ ಅದೇ ಗಿರಣಿಯಲ್ಲಿ ದುಡಿಯುವ ಭೀಮಶಾ, ನರೋಣಾದವನು. ಹೆಂಡತಿ ಬಾಣಂತಿತನದಲ್ಲಿ ತೀರಿಹೋಗಿ ಮೂರು ವರ್ಷವಾಗಿತ್ತು. ನಮ್ಮ ಇನ್ನೊಂದು ಪಕ್ಕದ ಖೋಲಿಯಲ್ಲಿದ್ದ, ನಮ್ಮಲ್ಲೇ ಉಣ್ಣುತ್ತಿದ್ದ. ಹೆಂಗಸರ ಎದುರು ಎರಡು ಮಾತು ಆಡಬೇಕಾದರೆ ಬೆವರುವ ಮನುಷ್ಯ. ಎಳ್ಳಮಾಸಿಗೆ ಊರಿಗೆ ಹೊರಟಿದ್ದ. ಗಾಜಿನ ಬಾಟಲಿ, ರೈಲು, ಆಮೇಲೆ ದುಧನಿ ಸ್ಟೇಶನ್ನಿನಿಂದ ಬಂಡಿ. ಒಡೆದೀತೆಂದು ಕೈಗೆ ಸಿಕ್ಕ ಒಂದು ಹಸಿರು ಖಣದಲ್ಲಿ ಸುತ್ತಿ ಗಂಟು ಹಾಕಿದೆ. ಕುಬಸ ಹೊಲಿಸಿಕೊಳ್ಳಲು ಆಕೆಗೂ ಆಯಿತು ಎಂದುಕೊಂಡೆ. "ಮೊದಲ ಗೊಬ್ಬೂರಿಗೆ ಹೋಗಿ ನಿಂಗವ್ವನ ಕೈಯಾಗ ಕೊಟ್ಟು, ಆಮ್ಯಾಗ ನರೋಣಾಕ್ಕ ಹೋಗ್ರಿ" ಎಂದು ಹೇಳಿ ಕಳಿಸಿದೆ.

ನಮ್ಮ ಊರಿನವರಾದರೆ ಕಥೆಯ ಈ ಮಾತಿಗೇ ಹಣೆ ಬಡಿದುಕೊಂಡಿರಬೇಕು. ನಾನು ಬಡಿದುಕೊಳ್ಳಲಿಲ್ಲ. ಮುಂಬಯಿಯಲ್ಲಿ ಖಣ ಎಂದರೆ ಬಟ್ಟೆ. ನಾಲ್ಕು ವರ್ಷದಲ್ಲಿ ನನ್ನ ತಲೆಯಲ್ಲೂ ಅದು ಬರೀ ಬಟ್ಟೆಯಾಗಿಬಿಟ್ಟಿತ್ತು.

ಮೂರು ವಾರದ ಮೇಲೆ ಭೀಮಶಾ ತಿರುಗಿ ಬಂದ. ತಾಟು ಹಾಕಿದರೆ ಉಣ್ಣಲಿಲ್ಲ, ಹೊಸ್ತಿಲ ಹತ್ತಿರವೇ ಕುಕ್ಕರಗಾಲಿನಲ್ಲಿ ಕುಳಿತ. ಮೊದಲು ನಾಕಾದ ಕಥೆ ಹೇಳಿದ. ನಿಜಾಮರ ಸೀಮೆಗೆ ಕಾಲಿಡುವಾಗ ಗಂಟು ಬಿಚ್ಚಿ ತೋರಿಸಬೇಕು, ಅಲ್ಲಿಯ ಸಿಪಾಯಿ ಬಾಟಲಿ ಮೂಸಿ, "ಯೇ ಕ್ಯಾ ಹೈ ಮಿಯಾ?" ಎಂದು ಕೇಳಿ, ಕೊಂಚ ಬೇಡಿ ತನ್ನ ಮೀಸೆಯ ಕೆಳಗೆ ಹಚ್ಚಿಕೊಂಡು, ಖುಷಿಯಾಗಿ ಬಿಟ್ಟು ಕಳಿಸಿದನಂತೆ. ನಾವು ನಕ್ಕೆವು. ಭೀಮಶಾ ನಗಲಿಲ್ಲ.

"ವೈನಿ, ಒಂದು ತಪ್ಪಾಗ್ಯಾದ್ರಿ" ಎಂದ.

ಗೊಬ್ಬೂರಿನಲ್ಲಿ ಅವನು ಹೋದಾಗ ಅಂಗಳದಲ್ಲಿ ಐದಾರು ಹೆಂಗಸರು ಜೋಳ ಹಸನು ಮಾಡುತ್ತ ಕುಳಿತಿದ್ದರಂತೆ. ಇವನು, "ಮುಂಬೈದಿಂದ ಬಂದೀನ್ರಿ, ಇದು ನಿಂಗವ್ವಗ" ಎಂದಷ್ಟೇ ಹೇಳಿ ಗಂಟು ಮುಂದೆ ಚಾಚಿದ. ತವರಿನ ಖಣ ಬಂದರೆ ಕೈಯಲ್ಲಿ ತೆಗೆದುಕೊಳ್ಳಬಾರದೆಂದು ಚಿಕ್ಕಂದಿನಿಂದ ಕಲಿತವಳು ನಿಂಗವ್ವ, ರೂಢಿಯಂತೆ ಸೆರಗೊಡ್ಡಿದಳು. ಇವನು ಅದರಲ್ಲಿ ಹಾಕಿದ. ಜೋಳ ಹಸನು ಮಾಡುವ ಕೈಗಳೆಲ್ಲ ನಿಂತವು.

ನಮ್ಮ ಮಂದಿಯಲ್ಲಿ ಗಂಡ ಸತ್ತವಳ ಎರಡನೆಯ ಮದುವೆಗೆ ಉಡಕಿ ಎನ್ನುತ್ತಾರೆ. ಹಂದರವಿಲ್ಲ, ಬಾಜಾ ಇಲ್ಲ, ಹಾಡಿಲ್ಲ. ಹೆಂಡತಿ ಇಲ್ಲದವನೊಬ್ಬ ಬಂದು ಖಣವನ್ನು ಆಕೆಯ ಉಡಿಗೆ ಹಾಕಬೇಕು, ಆಕೆ ಸೆರಗೊಡ್ಡಬೇಕು, ನಾಲ್ಕು ಮಂದಿ ನೋಡಬೇಕು. ಅಲ್ಲಿಗೆ ಮಾತು ಮುಗಿಯಿತು. "ಇದು ಅಕ್ಕ ಕಳಸಿದ್ದ್ರಿ" ಎಂದು ಭೀಮಶಾ ಆಮೇಲೆ ಎಷ್ಟು ಹೇಳಿದರೂ, "ಅಕ್ಕನ ಕಳಸ್ಯಾಳಂದ್ರ ಎಲ್ಲಾ ಮಾತಾಡೇ ಕಳಸ್ಯಾಳ" ಎಂದು, ಅವನು ಹೆಂಡತಿ ಸತ್ತವನೆಂದು ಕೇಳಿ ತಿಳಿದ ಆ ಹೆಂಗಸರು ಮುಗಿಸಿಬಿಟ್ಟರು.

ನನ್ನ ಗಂಡ ತಲೆಗೆ ಕೈಹಚ್ಚಿ ಕುಳಿತ. "ಹೋಗೋ ಮಾರೀನ ಕರದು ಮನಿಯಾಗ ಕುಂಡ್ರಿಸಿದಂಗ ಮಾಡ್ದೆಲ್ಲ ಬೇ" ಎಂದ. ಭೀಮಶಾ ನೆಲ ನೋಡುತ್ತ, "ನನಗೇನು ಅಡ್ಡಿ ಇಲ್ರಿ. ಆದ್ರ ಆಕೀಗಿ ಕೂಸದ" ಎಂದ.

ಗೊಬ್ಬೂರಿಗೆ ಹೋಗುವ ರೈಲಿನಲ್ಲಿ ಕುಳಿತಾಗ ನನಗೆ ಹೆದರಿಕೆಯಾಗಿತ್ತು. ಅದರ ಕೆಳಗೆ ಸಂತೋಷವೂ ಇತ್ತು, ಅದನ್ನು ಮುಚ್ಚಿಟ್ಟು ಏನು ಉಪಯೋಗ. ತಂಗಿ ಪಕ್ಕದ ಖೋಲಿಗೆ ಬರುತ್ತಾಳೆ, ಸಂಜೆ ಕನ್ನಡ ಮಾತಾಡಲು ನನಗೆ ಒಬ್ಬಳು ಸಿಗುತ್ತಾಳೆ. ಖಣದ ಅರ್ಥವನ್ನು ನಾನು ನಿಜವಾಗಿಯೂ ಮರೆತಿದ್ದೆನೋ, ಮರೆತವಳ ಹಾಗೆ ನನ್ನ ಕೈ ನಟಿಸಿತೋ, ಇಂದಿಗೂ ದೇವರಾಣೆ ಹೇಳಲಾರೆ.

ನಿಂಗವ್ವನ ಅತ್ತೆ ಬಸವ್ವ ಜಗಳವಾಡಲಿಲ್ಲ. ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ನೀರು ಕೊಟ್ಟಳು, ಕೂರಿಸಿದಳು. ಆಮೇಲೆ ಖಣ ತಂದು ನನ್ನ ಮುಂದೆ ಇಟ್ಟಳು.

"ತಪ್ಪಾಗ್ಯಾದಂದ್ರ ಇದನ್ನ ತಿರುಗಿ ಒಯ್ಯವ್ವಾ. ನಾ ನಾಕು ಮಂದಿಗಿ ಹೇಳ್ತೇನಿ, ಮಾತು ಇಲ್ಲಿಗೇ ಮುಗೀತದ. ನಿಂಗಿ ಇಲ್ಲೇ ಇರಲಿ. ಒಯ್ಯಂಗಿಲ್ಲಂದ್ರ ಆಕಿ ಹೋಗಲಿ, ನಾ ಅಡ್ಡ ಬರಂಗಿಲ್ಲ. ಆದ್ರ ಕೂಸು ನಮ್ಮದು. ಮಗ ಅಂತೂ ಮಣ್ಣಾಗ ಹ್ವಾದ. ಅವನ ಮಾರಿ ನೋಡಬೇಕಂದ್ರ ನನಗ ಇದೊಂದೇ ಮಾರಿ ಅದ."

ಉಡಕಿಯಾಗಿ ಹೋಗುವವಳು ಮೊದಲ ಗಂಡನ ಮಕ್ಕಳನ್ನು ಅವನ ಮನೆಯಲ್ಲೇ ಬಿಟ್ಟು ಹೋಗಬೇಕು. ಅದೂ ಪದ್ಧತಿಯೇ. ಮುದುಕಿ ಹೊಸದೇನನ್ನೂ ಹೇಳಿರಲಿಲ್ಲ.

ನಿಂಗವ್ವ ನನ್ನನ್ನು ಬಾವಿಯ ಕಡೆ ಕರೆದುಕೊಂಡು ಹೋದಳು. ಆಕೆಯ ಕೆನ್ನೆಯ ಬಿರುಕು ಮಾಯ್ದಿತ್ತು. ಇಷ್ಟೆಲ್ಲ ಆದರೂ ಸ್ನೋ ಹಚ್ಚಿಕೊಳ್ಳುವುದನ್ನು ಬಿಟ್ಟಿರಲಿಲ್ಲ. ಮೂರು ವರ್ಷದ ಕಾಶಿ ಆಕೆಯ ಸೀರೆಯ ನೆರಿಗೆ ಹಿಡಿದು ಹಿಂದೆ ಬಂದಿತ್ತು.

"ನೀ ಹೇಳು ಅಕ್ಕಾ. ಏನ್ ಮಾಡ್ಲಿ?"

"ನಿನ್ನ ಮನಸಿನಾಗ ಏನದ?"

"ಹೋಗಬೇಕು ಅನಸ್ತದ. ಇಲ್ಲಿ ನಾ ಬದುಕಿದ್ದೂ ಇಲ್ಲದಂಗ ಇದೀನಿ. ಆದ್ರ ಕಾಶಿ ನನ್ನ ಮರೀತಾಳೇನು?"

"ಒಂದು ವರ್ಷ, ಎರಡು ವರ್ಷ. ಮುದುಕಿ ಮನಸು ಕರಗ್ತದ. ಆಮ್ಯಾಗ ಇದನ್ನೂ ಕರಕೊಂಡು ಹೋಗೂಣು" ಎಂದೆ. ಇದು ನನಗೆ ಯಾರೂ ಹೇಳಿದ್ದಲ್ಲ. ನನ್ನ ಆಸೆಗೆ ಬೇಕಾದದ್ದನ್ನು ನಾನೇ ಹೊಲಿದೆ. ಆಮೇಲೆ, "ಬಾ" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆ ಒಂದು ಅಕ್ಷರದ ಭಾರ ನಾನು ಇನ್ನೂ ಹೊರುತ್ತಿದ್ದೇನೆ.

ಬಂಡಿ ಹೂಡಿದ ಮುಂಜಾನೆ ಕಾಶಿಯನ್ನು ಯಾರದೋ ಮನೆಗೆ ಆಡಲು ಕಳಿಸಿದ್ದರು. ನಿಂಗವ್ವ ದುಧನಿಯ ತನಕ ಹಿಂದಕ್ಕೆ ಮುಖ ಮಾಡಿ ಕುಳಿತಿದ್ದಳು.

ಮುಂಬಯಿಯಲ್ಲಿ ಆಕೆಗೆ ಕೊರತೆಯಾಯಿತು ಎಂದರೆ ಸುಳ್ಳಾಗುತ್ತದೆ. ಭೀಮಶಾ ಬಂಗಾರದಂಥ ಮನುಷ್ಯ, ಒಂದು ದಿನ ಏರುದನಿ ಮಾಡಲಿಲ್ಲ. ಆಕೆಗೆ ಹೊಸ ಹಸಿರು ಬಳೆ, ಹಣೆಗೆ ಕುಂಕುಮ. ಕಾರಖಾನೆಯಲ್ಲಿ ನನ್ನ ಪಕ್ಕದಲ್ಲೇ ಕುಳಿತು ನನಗಿಂತ ಚೆಂದ ತುಂಬುವುದನ್ನು ಕಲಿತಳು. ಮರಾಠಿ ನನಗಿಂತ ಬೇಗ ಬಂತು. ನನಗಂತೂ ಬೇಕಾದದ್ದೆಲ್ಲ ಸಿಕ್ಕಿತ್ತು. ಆದರೆ ಚಾಳಿನಲ್ಲಿ ಯಾವ ಕೂಸು ಅತ್ತರೂ ಆಕೆಯ ಕೈ ನಿಲ್ಲುತ್ತಿತ್ತು. ತನಗೆ ಮತ್ತೆ ಮಕ್ಕಳಾಗಲಿಲ್ಲ. ಎರಡು ವರ್ಷ ಕಳೆದವು, ಮುದುಕಿಯ ಮನಸ್ಸು ಕರಗಲಿಲ್ಲ. ನಾನು ಹೇಳಿದ ಮಾತನ್ನು ಆಕೆ ಒಮ್ಮೆಯೂ ನೆನಪಿಸಲಿಲ್ಲ.

ಚಳಿ ಬೀಳುವ ಮೊದಲು ವರ್ಷಕ್ಕೊಂದು ಬಾಟಲಿ ಗೊಬ್ಬೂರಿಗೆ ಕಳಿಸುವುದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಬಾಯಿ ಸೀಳಿದ್ದಲ್ಲ, ದುಡ್ಡು ಕೊಟ್ಟು ಕೊಂಡದ್ದು. ತಾನೇ ತುಂಬಿ, ಗೋಣಿಯ ಮೇಲೆ ಮೂರರ ಬದಲು ಹತ್ತು ಸಲ ಕುಟ್ಟಿ, ಒಂದು ಗಾಳಿಗುಳ್ಳೆ ಇಲ್ಲದಂತೆ ಮಾಡಿ, ಹಳೆಯ ಧೋತರದ ತುಂಡಿನಲ್ಲಿ ಸುತ್ತುತ್ತಿದ್ದಳು. ಆ ಕಡೆ ಹೋಗುವವರ ಕೈಯಲ್ಲಿ ಕೊಟ್ಟು, "ಅವ್ವ ಕಳಸ್ಯಾಳಂತ ಹೇಳ್ರಿ" ಎನ್ನುತ್ತಿದ್ದಳು. ಯುದ್ಧ ಬಂತು, ಗಾಜಿಗೂ ಬರ ಬಂತು, ರೈಲಿನಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಆಗಲೂ ಬಾಟಲಿ ಹೋಯಿತು.

ಏಳು ವರ್ಷದ ಮೇಲೆ ನನ್ನ ಅಣ್ಣನ ಮಗನ ಮದುವೆಗೆಂದು ನಾನೊಬ್ಬಳೇ ಊರಿಗೆ ಹೋದೆ. ಉಡಕಿಯಾಗಿ ಹೋದ ನಿಂಗವ್ವ ತಿರುಗಿ ಗೊಬ್ಬೂರಿಗೆ ಕಾಲಿಡುವಂತಿರಲಿಲ್ಲ. ಆ ವರ್ಷದ ಬಾಟಲಿಯನ್ನು ನನ್ನ ಕೈಯಲ್ಲಿ ಕೊಟ್ಟಳು. ಒಂದು ಮುಂಜಾನೆ ಬಸವ್ವನ ಮನೆಗೆ ಹೋದೆ. ಮುದುಕಿ ಎಳೆ ಬಿಸಿಲಿಗೆ ಕಟ್ಟೆಯ ಮೇಲೆ ಕುಳಿತಿದ್ದಳು. ಮೊಣಕಾಲ ನಡುವೆ, ಆಯಿ ಆಯಿ ಎನ್ನುತ್ತ ಅಜ್ಜಿಗೆ ಒರಗಿದ ಹತ್ತು ವರ್ಷದ ಕಾಶಿ. ಹುಡುಗಿಯ ಕೆನ್ನೆಗೆ ಸ್ನೋ ತಿಕ್ಕುತ್ತಿದ್ದಳು, ಬೆರಳಲ್ಲಿ ಉಳಿದದ್ದನ್ನು ತನ್ನ ಸುಕ್ಕಿದ ಕೆನ್ನೆಗೂ.

"ಬಾ ಬೇ" ಎಂದಳು. "ಛಲೋ ಮಾಲ ಅದ ನೋಡು ಇದು. ಎಣ್ಣಿ ಹಚ್ಚಿದ್ರ ಧೂಳು ಮೆತ್ಕೋತದ. ಇದು ಹಚ್ಚಿದ್ದೇ ತಿಳಿಯಂಗಿಲ್ಲ."

ಒಳಗೆ ಗೋಡೆಯ ಮಾಡದಲ್ಲಿ ಖಾಲಿ ಬಾಟಲಿಗಳು ಸಾಲಾಗಿದ್ದವು. ಒಂದರಲ್ಲಿ ಸುಣ್ಣ, ಒಂದರಲ್ಲಿ ಕಾಡಿಗೆ, ಒಂದರಲ್ಲಿ ಕಾಶಿಯ ಗಾಜಿನ ಮಣಿಗಳು. ನಾನು ಹೊಸದನ್ನು ಕೊಟ್ಟೆ. ಹುಡುಗಿ ಎರಡೂ ಕೈಯಲ್ಲಿ ಹಿಡಿದು ಮೂಸಿದಳು. ಮೂಗು, ಹುಬ್ಬು, ನಗುವಾಗ ಒಂದು ಕಡೆ ಸೊಟ್ಟಗಾಗುವ ತುಟಿ, ಎಲ್ಲ ನಿಂಗವ್ವನದೇ.

"ದೊಡ್ಡವ್ವಾ, ವರ್ಷಾ ನೀನ ಕಳಸ್ತೀ ಅಂತ ಆಯಿ ಹೇಳ್ತಾಳ. ನನ್ನ ಅವ್ವ ಇದ್ದಿದ್ರ ಆಕೀಗೂ ಹಚ್ತಿದ್ದೆ" ಎಂದಳು.

ನಾನು ಮುದುಕಿಯ ಕಡೆ ನೋಡಿದೆ. ಆಕೆ ಹುಡುಗಿಯ ತಲೆಯ ಮೇಲಿನಿಂದ ನನ್ನನ್ನೇ ನೋಡುತ್ತಿದ್ದಳು.

"ಹೌದವ್ವಾ," ಎಂದೆ, "ನಾನ ಕಳಸ್ತೇನಿ."

ಕಾಶಿ ಬಾಟಲಿಯನ್ನು ಗೆಳತಿಯರಿಗೆ ತೋರಿಸಲು ಓಡಿದ ಮೇಲೆ ಬಸವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ಅವ್ವ ಅದಾಳಂದ್ರ ಹುಡುಗಿ ದಿನಾ ಹಾದಿ ಕಾಯ್ತಿತ್ತು. ಆರು ತಿಂಗಳು ಆ ಬಾಗಲಾ ಬಿಟ್ಟು ಏಳಲಿಲ್ಲ. ನೋಡಾಕ ಆಗಲಿಲ್ಲ ನನಗ. ಸತ್ತಾಳಂತ ಹೇಳಿದೆ. ಒಮ್ಮೆ ಅತ್ತು ಮುಗಿಸ್ತು. ಈಗ ನೀ ಇದ್ದಾಳಂತ ಹೇಳ್ತಿದ್ರ ಹೇಳು. ಹೇಳಿ ನೀ ಮುಂಬೈಕ್ಕ ಹೋಗ್ತಿ. ಆಮ್ಯಾಗ ಅದರ ಅಳೂ ಯಾರ ಕೇಳ್ಬೇಕು?"

ಹೊರಡುವಾಗ ಕಾಶಿ ಊರ ಅಗಸಿಬಾಗಿಲ ತನಕ ಬಂದು ನನ್ನ ಸೊಂಟ ತಬ್ಬಿಕೊಂಡಳು. ಅದು ನನಗೆ ಸಲ್ಲಬೇಕಾದದ್ದಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಬೇಗ ಬಿಡಿಸಿಕೊಳ್ಳಲು ಆಗಲಿಲ್ಲ.

ಮಾದನಹಿಪ್ಪರಗಾದಲ್ಲಿ ನನ್ನನ್ನು ಈಗ ಮುಂಬೈದಾಕಿ ಎನ್ನುತ್ತಾರೆ. ನನ್ನ ರೊಟ್ಟಿ ದಪ್ಪವಾಗುತ್ತದೆ, ಮಾತಿನಲ್ಲಿ ಮರಾಠಿ ಬೆರೆಯುತ್ತದೆ ಎಂದು ನಗುತ್ತಾರೆ. ಇಲ್ಲಿ ನಾನು ಮೊಗಲಾಯಿ ಸೀಮೆಯಿಂದ, ಎಂದರೆ ನಿಜಾಮರ ಸೀಮೆಯಿಂದ, ಬಂದವಳು. ಕನ್ನಡ ಅಕ್ಷರವನ್ನು ಸಹ ನಾನು ಕಲಿತದ್ದು ಈ ಚಾಳಿನಲ್ಲಿ, ಧಾರವಾಡದ ಕಡೆಯ ಒಬ್ಬ ಮಾಸ್ತರರ ಹೆಂಡತಿಯ ಹತ್ತಿರ, ರವಿವಾರದ ಮಧ್ಯಾಹ್ನಗಳಲ್ಲಿ. ನಮ್ಮೂರ ಸಾಲಿಯಲ್ಲಿ ಗಂಡುಮಕ್ಕಳಿಗೆ ಉರ್ದು ಕಲಿಸುತ್ತಾರೆ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. ಗೊಬ್ಬೂರಿನಲ್ಲಿ ಇದನ್ನು ಓದುವ ಹೆಣ್ಣಿಲ್ಲ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ. ಯಾರಾದರೂ ಓದಿ ಆ ಹುಡುಗಿಗೆ ಹೇಳಲಿ ಎಂಬ ಆಸೆಯೂ ಇದೆ. ಎರಡರಲ್ಲಿ ಯಾವುದು ದೊಡ್ಡದು ಎಂದು ಕೇಳಬೇಡಿ. ಅಲ್ಲಿದ್ದಾಗ ಇಲ್ಲಿಯ ತಂಗಿ ಎಳೆಯುತ್ತಾಳೆ, ಇಲ್ಲಿದ್ದಾಗ ಅಲ್ಲಿಯ ಹುಡುಗಿ. ನನ್ನದು ಎರಡು ಊರು ಎಂದು ಮೊದಲು ಹೆಮ್ಮೆಯಿಂದ ಹೇಳುತ್ತಿದ್ದೆ.

ನಿಂಗವ್ವ ದಾದರ ಸ್ಟೇಶನ್ನಿಗೆ ಬಂದಿದ್ದಳು. ನನ್ನ ಗಂಟನ್ನು ತಲೆಯ ಮೇಲೆ ಇಟ್ಟುಕೊಂಡು, ಗದ್ದಲದಲ್ಲಿ ದಾರಿ ಬಿಡಿಸುತ್ತ ಮುಂದೆ ನಡೆದಳು. ಸೇತುವೆಯ ಮೆಟ್ಟಿಲ ಹತ್ತಿರ ಕೇಳಿದಳು.

"ಹಚ್ಕೋತಾಳೇನು?"

"ಹಚ್ಕೋತಾಳ. ದಿನಾ ಮುಂಜಾನಿ. ಕೆನ್ನಿ ಒಡದಿಲ್ಲ."

"ಯಾರು ಕಳಸ್ತಾರಂತ ಗೊತ್ತದೇನು?"

"ಗೊತ್ತದ. ನಮ್ಮವ್ವ ಮುಂಬೈದಿಂದ ಕಳಸ್ಯಾಳಂತ ಗೆಳತ್ಯಾರ ಮುಂದ ಹೇಳ್ಕೋತ ಓಡ್ಯಾಡ್ತಾಳ."

ಆಕೆ ಮೆಟ್ಟಿಲು ಹತ್ತಿದಳು. ಮೇಲೆ ಹೋಗಿ ಕಂಬಿಗೆ ಒರಗಿ ನಿಂತಳು. ಕೆಳಗೆ ಒಂದು ರೈಲು ಬಂದು, ಜನರನ್ನು ಇಳಿಸಿ, ಹೋಯಿತು.

"ನಿನಗ ಸುಳ್ಳು ಹೇಳಾಕ ಬರಂಗಿಲ್ಲ ಅಕ್ಕಾ" ಎಂದಳು.

ನಾನು ತಲೆ ತಗ್ಗಿಸಿದೆ. ಆಕೆ ಗಂಟನ್ನು ತಲೆಯಿಂದ ಇಳಿಸಿ ಕಾಲ ಬಳಿ ಇಟ್ಟು, ನನ್ನ ಕೈ ಹಿಡಿದಳು.

"ಇನ್ನೊಮ್ಮೆ ಹೇಳು."

ನಾನು ಇನ್ನೊಮ್ಮೆ ಹೇಳಿದೆ.